ಹಾವಿನ ಉಪವಾಸವೂ ಉಷ್ಣಮಾಪಕವೂ

ಪಶ್ಚಿಮ ಆಫ್ರಿಕದ ಹುಲ್ಲುಗಾವಲುಗಳಲ್ಲಿ ಸಣ್ಣ ಜಾತಿಯ ಹೆಬ್ಬಾವೊಂದುಂಟು. ಬೆದರಿದಾಗ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಬಾಲ್ ಪೈಥಾನ್ ಎಂಬ ಹೆಸರು ಬಂದಿದೆ. ಅಮೆರಿಕ, ಯೂರೋಪುಗಳಲ್ಲಿ ಅನೇಕರು ಇದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುತ್ತಾರೆ. ಇದು ಒಮ್ಮೊಮ್ಮೆ ತಿಂಗಳುಗಟ್ಟಲೆ ಆಹಾರವನ್ನು ಮುಟ್ಟುವುದಿಲ್ಲ. ಆಗ ಗಾಬರಿಗೊಂಡ ಯಜಮಾನನು ಅದರ ಬಾಯಿ ಬಿಡಿಸಿ ಇಲಿಯನ್ನು ತುರುಕಲು ಹೊರಡುವುದುಂಟು. ಈ ಕಾರ್ಯವು ದಯೆಯಿಂದ ಹುಟ್ಟಿದ್ದರೂ ಅವಿವೇಕದ್ದೆಂದೇ ನನ್ನ ಅಭಿಪ್ರಾಯ.

ಹಾವಿನ ಹಸಿವನ್ನು ನಮ್ಮ ಹಸಿವಿನಿಂದ ಅಳೆಯುವುದರಲ್ಲಿಯೇ ದೋಷವಿದೆ. ಮನುಷ್ಯದೇಹವು ಸದಾ ಉರಿಯುವ ಒಲೆ. ೩೭ ಡಿಗ್ರಿ ಉಷ್ಣತೆಯನ್ನು ಕಾಯ್ದುಕೊಳ್ಳಲು ಅದಕ್ಕೆ ಬಿಡದೆ ಸೌದೆ ಬೇಕು. ಹಾವಿಗೆ ಆ ವೆಚ್ಚವಿಲ್ಲ; ಸುತ್ತಲಿನ ಉಷ್ಣತೆಯೇ ಅದರ ಉಷ್ಣತೆ. ಆದರೆ ಅದೇ ಕಾರಣದಿಂದ ಅದು ಕೋಣೆಯ ಹವೆಗೆ ಅಧೀನವೂ ಆಗಿದೆ. ಉಷ್ಣತೆ ೧೦ ಡಿಗ್ರಿ ಇಳಿದರೆ ದೇಹದ ರಾಸಾಯನಿಕ ಕ್ರಿಯೆಗಳ ವೇಗ ಸುಮಾರಾಗಿ ಅರ್ಧಕ್ಕೋ ಮೂರನೆಯ ಒಂದಕ್ಕೋ ಇಳಿಯುತ್ತದೆ. ೨೦ ಡಿಗ್ರಿಯ ಪೆಟ್ಟಿಗೆಯಲ್ಲಿ ನುಂಗಿದ ಇಲಿಯು ಜೀರ್ಣವಾಗುವ ಮೊದಲೇ ಜಠರದಲ್ಲಿ ಕೊಳೆಯಬಹುದು. ಅಲ್ಲಿ ತಿನ್ನದಿರುವುದೇ ಹಾವಿಗೆ ಕ್ಷೇಮ!

೧೯೯೦ರ ದಶಕದಲ್ಲಿ ಸ್ಟೀಫನ್ ಸೀಕಾರ್ ಮತ್ತು ಜೇರ್ಡ್ ಡೈಮಂಡ್ ಎಂಬ ವಿಜ್ಞಾನಿಗಳು ಬರ್ಮಾ ಹೆಬ್ಬಾವಿನ ಮೇಲೆ ಪ್ರಯೋಗ ನಡೆಸಿದರು. ಭಾರಿ ಊಟದ ನಂತರ ಅದರ ಚಯಾಪಚಯ ನಲವತ್ತು ಪಟ್ಟಿಗೂ ಮೀರಿ ಏರಬಲ್ಲದು. ಕರುಳಿನ ತೂಕ ಇಮ್ಮಡಿಯಾಗುತ್ತದೆ. ಊಟ ಕರಗಿದ ಮೇಲೆ ಮತ್ತೆ ಕುಗ್ಗುತ್ತದೆ. ಕೆಲಸವಿಲ್ಲದಾಗ ಯಂತ್ರವನ್ನು ನಿಲ್ಲಿಸಿಡುವ ಇಂತಹ ಜೀವಿಗೆ ದಿನಕ್ಕೆರಡು ಊಟದ ನಮ್ಮ ಲೆಕ್ಕ ಹೊಂದೀತೆ? ನಾಗರಪಂಚಮಿಯಂದು ಹಾಲನ್ನು ಹೀರುವ ನಾಗರಹಾವೂ ಎಷ್ಟೋ ವೇಳೆ ಹಾವಾಡಿಗನು ದಿನಗಟ್ಟಲೆ ನೀರು ಕೊಡದಿದ್ದುದರಿಂದ ಬಾಯಾರಿದ ಹಾವು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅದನ್ನು ಹಿಡಿದಿಡುವುದೇ ಅಪರಾಧವೆಂಬುದು ಬೇರೆ ಮಾತು.

ಬೇರೆ ಕಾರಣಗಳೂ ಇವೆ. ಪೊರೆ ಬಿಡುವ ಮುನ್ನ ಕಣ್ಣು ಮಬ್ಬಾದಾಗ, ಕೂಡುವ ಋತುವಿನಲ್ಲಿ, ಮೊಟ್ಟೆಗಳನ್ನು ಸುತ್ತಿ ಕುಳಿತ ಸುಮಾರು ಎರಡು ತಿಂಗಳ ಕಾಲ ಅದು ಸಾಮಾನ್ಯವಾಗಿ ಉಣ್ಣದು. ಅಡಗಲು ಮರೆಯಿಲ್ಲದಿದ್ದರೂ ಉಣ್ಣದಿರಬಹುದು. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಮೆಚ್ಚಿಗೆಯಾಗುವ ಕಾರಣ ಇನ್ನೊಂದಿದೆ: ಈ ಹಾವಿನ ತುಟಿಯಂಚಿನ ಕುಳಿಗಳು ಬೇಟೆಯ ಮೈಯಿಂದ ಹೊರಡುವ ಅವಕೆಂಪು ಕಿರಣಗಳನ್ನು ಗ್ರಹಿಸುತ್ತವೆ. ಶೀತಪೆಟ್ಟಿಗೆಯಿಂದ ತೆಗೆದ ತಣ್ಣನೆಯ ಸತ್ತ ಇಲಿ ಆ ಕುಳಿಗಳ ಪಾಲಿಗೆ ಕಲ್ಲಿಗೆ ಸಮಾನ. ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ ಕೊಟ್ಟರೆ ಕೂಡಲೇ ಹಿಡಿಯುವುದುಂಟು.

ಆದಕಾರಣ ಮೊದಲು ಹಾವಿನ ಬಾಯನ್ನಲ್ಲ, ಉಷ್ಣಮಾಪಕವನ್ನು ನೋಡತಕ್ಕದ್ದು. ಪೆಟ್ಟಿಗೆಯ ಒಂದು ಕೊನೆ ಸುಮಾರು ೩೨, ಇನ್ನೊಂದು ೨೬ ಡಿಗ್ರಿಯಷ್ಟಿರಲಿ. ಬಳಿಕ ವಾರಕ್ಕೊಮ್ಮೆ ತೂಗಿ ಬರೆದಿಡಬೇಕು. ತೂಕ ಹೆಚ್ಚುಕಡಿಮೆ ನಿಂತಿದ್ದರೆ ಹಾವನ್ನು ಅದರ ಪಾಡಿಗೆ ಬಿಡಬಹುದು; ಇಳಿಯುತ್ತಲೇ ಹೋದರೆ, ಉಸಿರಾಟದಲ್ಲಿ ಸದ್ದು ಕೇಳಿದರೆ, ಪಶುವೈದ್ಯರಲ್ಲಿಗೆ ಒಯ್ಯಬೇಕು. ಮೊಟ್ಟೆಯೊಡೆದು ಕೆಲವೇ ವಾರಗಳಾದ ಮರಿಯ ವಿಷಯದಲ್ಲಿ ಮಾತ್ರ ಇಷ್ಟು ನಿಶ್ಚಿಂತೆ ಸಲ್ಲದು. ಅದರ ಮೈಯಲ್ಲಿ ಕೂಡಿಟ್ಟ ಕೊಬ್ಬು ಬಹಳ ಕಡಿಮೆ.