ಅಜ್ಜನ ಬಂದೂಕು ಯಾರ ಹೆಸರಿಗೆ?

ಹೋದ ತಿಂಗಳು ಹೆಬ್ಬಳ್ಳಿಗೆ ಹೋದಾಗ ಅಪ್ಪ ಊಟಕ್ಕೆ ಕೂತಲ್ಲೇ ಕೇಳಿದ: "ಅಜ್ಜನ ಬಂದೂಕಿನ ಲೈಸೆನ್ಸ್ ನಿನ್ನ ಹೆಸರಿಗೆ ಮಾಡಸೂದೇನ, ಇಲ್ಲಾ ಸರ್ಕಾರಕ್ಕ ಕೊಟ್ಟ ಬಿಡೂದೇನ?"

ಅಜ್ಜ ತೀರಿಕೊಂಡು ಆರು ತಿಂಗಳಾಯಿತು. ಬಂದೂಕು ಠಾಣೆಯಲ್ಲಿದೆ. ಕೀಬೋರ್ಡಿನ ಗುಂಡಿ ಬಿಟ್ಟರೆ ಬೇರೆ ಗುಂಡು ಗೊತ್ತಿಲ್ಲದವ ನಾನು.

ಅದು ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಬಂದೂಕು. ಜೋಳದ ಹೊಲಕ್ಕೆ ಹಂದಿ ಬಿದ್ದರೆ ಅಜ್ಜ ಬರೀ ಸಪ್ಪಳ ಮಾಡಿ ಓಡಿಸುತ್ತಿದ್ದ. ಚುನಾವಣೆ ಬಂತೆಂದರೆ ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ರಸೀದಿಯನ್ನು ಪಂಚಾಂಗದೊಳಗೆ ಇಡುತ್ತಿದ್ದ. "ಕೈ ಖಾಲಿ ಬಂದ್ರೂ ವಜ್ಜಿ ಅನಸ್ತೈತಿ ನೋಡ ತಮ್ಮಾ" ಅನ್ನುತ್ತಿದ್ದ. ಆಗ ಅರ್ಥವಾಗಿರಲಿಲ್ಲ. ಅಪ್ಪನ ಪ್ರಶ್ನೆಯ ನಂತರ ಒಂದಿಷ್ಟು ಓದಿದೆ.

1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ಕಾಡತೂಸು ಈಗಿನ ಹಿತ್ತಾಳೆಯ ತೋಟಾ ಅಲ್ಲ, ಕಾಗದದ ಸುರುಳಿ. ಒಳಗೆ ಸುಮಾರು ನಾಲ್ಕೂವರೆ ಗ್ರಾಂ ಕರಿಮದ್ದು, ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕದ ಮಿಶ್ರಣ. ಜೊತೆಗೊಂದು ಸೀಸದ ಗುಂಡು. ಸಿಪಾಯಿ ತುದಿಯನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಗೆ ಸುರಿದು, ಕೊಬ್ಬು ಸವರಿದ ಕಾಗದದ ಸಮೇತ ಗುಂಡನ್ನು ಗಜದಿಂದ ಜಡಿಯಬೇಕು. ಆ ಕೊಬ್ಬು ಹಸುವಿನದೋ ಹಂದಿಯದೋ ಎಂಬ ಗುಮಾನಿಯೇ 1857ಕ್ಕೆ ಕಿಡಿಯಾಯಿತು.

ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಬಳಸುವವರನ್ನು ಒಂದು ಮಾತೂ ಕೇಳದೆ ಬಿಟ್ಟ ಅಪ್‌ಡೇಟ್ ಅದು. ಆಮೇಲೆ ಪ್ಯಾಚ್ ಕೂಡ ಬಂತು: ನೀವೇ ಬೇಕಾದ ಜಿಡ್ಡು ಸವರಿಕೊಳ್ಳಿ, ಹಲ್ಲಿನ ಬದಲು ಕೈಯಿಂದ ಹರಿಯಿರಿ ಅಂದರು. ಅಷ್ಟೊತ್ತಿಗೆ ನಂಬಿಕೆ ಹರಿದಿತ್ತು. ಮೇ ತಿಂಗಳಲ್ಲಿ ಮೀರತ್‌ನಲ್ಲಿ ಕಾಡತೂಸು ಮುಟ್ಟಲೊಲ್ಲದ 85 ಸವಾರರಿಗೆ ಬೇಡಿ ಹಾಕಿದರು. ಮರುದಿನ ದಂಗೆ ಎದ್ದಿತು.

ಅದರ ಬಿಸಿ ನಮ್ಮ ಕಡೆಗೂ ತಟ್ಟಿತು. ಹೆದರಿದ ಸರ್ಕಾರ ಅದೇ ವರ್ಷ ಆಯುಧಗಳ ಮೇಲೆ ಕಾಯಿದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರ ಕೊಡಲು ಒಪ್ಪಲಿಲ್ಲ. ಬೇಟೆಯೇ ಬದುಕಾದವರಿಗೆ ಅದು ಬರೀ ಕಬ್ಬಿಣವಲ್ಲ. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಬಹಳ ಜನ ಸತ್ತರು. ಸಿಕ್ಕವರಲ್ಲಿ ಹಲವರನ್ನು ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಿದರು. ಶಾಲೆಯಲ್ಲಿ ಅವರ ಲಾವಣಿಯನ್ನು ನಾನು ಮಾರ್ಕ್ಸಿಗಾಗಿ ಬಾಯಿಪಾಠ ಮಾಡಿದ್ದೆ. ಅಜ್ಜ ಮಾತ್ರ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದ.

ಇಷ್ಟು ರಕ್ತ ಹರಿಸಿದ ಆ ಕಾಗದದ ಕಾಡತೂಸಿನ ಆಯುಷ್ಯ ಎಷ್ಟು ಗೊತ್ತೇನು? 1866ರಲ್ಲಿ ಬ್ರಿಟಿಷ್ ಸೇನೆ ಹಿಂದಿನಿಂದ ತುಂಬುವ ಸ್ನೈಡರ್ ರೈಫಲ್ ಒಪ್ಪಿಕೊಂಡಿತು. ಅದಕ್ಕೆ ಲೋಹದ ತೋಟಾ ಬಂತು. ಹಲ್ಲಿನ ಕೆಲಸವೇ ಮುಗಿಯಿತು. ಮುಂದೆ ಹೊಗೆಯಿಲ್ಲದ ಮದ್ದು ಬಂದು ಕರಿಮದ್ದೂ ಮೂಲೆಗೆ ಸೇರಿತು. ಹದಿಮೂರು ವರ್ಷ ಬಾಳಿದ ವಸ್ತುವಿಗಾಗಿ ಎಷ್ಟು ಹಟ!

ಅಪ್ಪನಿಗೆ ಮೊನ್ನೆ ಫೋನ್ ಮಾಡಿದೆ. "ಕೊಟ್ಟ ಬಿಡೋಣ ಅಪ್ಪಾ. ನನ್ನ ಹತ್ರ ಇದ್ರ ಅದು ಬರೀ ಷೋಕಿ ಆಕ್ಕೈತಿ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಪ್ಪ ಕೇಳಿದ: "ಅಜ್ಜ ಇದ್ದಿದ್ರ ಏನಂತಿದ್ದ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಆದರೆ ಒಂದು ಗೊತ್ತು. ಅಜ್ಜ ಪ್ರತಿಸಲ ತಾನೇ ಒಯ್ದು ಒಪ್ಪಿಸಿದ, ರಸೀದಿ ಪಡೆದ, ಫಲಿತಾಂಶ ಬಂದ ಮೇಲೆ ತಿರುಗಿ ತಂದ. ಹಲಗಲಿಯವರ ಕೈಗೆ ಯಾರೂ ರಸೀದಿ ಕೊಡಲಿಲ್ಲ. ಕೇಳಿ ಇಸಿದುಕೊಳ್ಳುವುದಕ್ಕೂ ಕಸಿದುಕೊಳ್ಳುವುದಕ್ಕೂ ನಡುವೆ ಇರುವುದು ಅಷ್ಟೇ ದೊಡ್ಡ ಕಾಗದ.

ಬಂದೂಕು ಹೋಗಲಿ. ಪಂಚಾಂಗದೊಳಗಿನ ಹಳೇ ರಸೀದಿಗಳನ್ನು ಮಾತ್ರ ನನಗೆ ಎತ್ತಿಡು ಅಂತ ಅವ್ವನಿಗೆ ಹೇಳಿದ್ದೇನೆ.