ಹೊಳೆಬದಿಯ ತೋಟಕ್ಕೆ ದಾರಿ

ಚಂದ್ರಗಿರಿ, ಶಿರಿಯ ಹೊಳೆಗಳ ದಡದಲ್ಲಿ ತೋಟವಿದ್ದೂ ಮಾರ್ಗದಿಂದ ಅಲ್ಲಿಗೆ ದಾರಿಯಿಲ್ಲದ ಮನೆಗಳು ನಮ್ಮಲ್ಲಿವೆ. ಹಿರಿಯರು ನೆರೆಯವರ ಜಾಗದಲ್ಲಿ ನಡೆದುಹೋಗುತ್ತಿದ್ದರು, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಇಂದು ಅಡಿಕೆ ಸಾಗಿಸಲು ಜೀಪು ಬೇಕು, ರೋಗಿಯನ್ನು ಒಯ್ಯಲು ಆಂಬುಲೆನ್ಸ್ ಬೇಕು. ನೆರೆಯ ಜಾಗ ಕೈಬದಲಾದೊಡನೆ ಬೇಲಿ ಏಳುತ್ತದೆ.

ಕಾನೂನು ಪೂರ್ತಿ ಕೈಬಿಟ್ಟಿಲ್ಲ. 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ, ಒಂದೇ ಆಸ್ತಿ ಪಾಲಾಗಿ ಒಳಗಿನ ಪಾಲಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಉಳಿದ ಪಾಲಿನ ಮೂಲಕ ದಾರಿ ಕೇಳಬಹುದು. ಸುತ್ತುಬಳಸಿನ ದಾರಿಯಿದ್ದರೂ ಈ ಹಕ್ಕು ದೊರೆಯದು. 20 ವರ್ಷ ಬಹಿರಂಗವಾಗಿ, ಅಡ್ಡಿಯಿಲ್ಲದೆ, ಹಕ್ಕಿನಿಂದ ನಡೆದ ದಾರಿಗೂ ರಕ್ಷಣೆಯುಂಟು. ಆದರೆ ನೆರೆಯವರ ಅನುಮತಿಯಿಂದ ನಡೆದದ್ದು ಹಕ್ಕಾಗದು. ಕಾಲುದಾರಿಯ ಹಕ್ಕು ವಾಹನದ ಹಕ್ಕೂ ಅಲ್ಲ.

ಆದುದರಿಂದ ಸ್ನೇಹವಿರುವಾಗಲೇ ತಕ್ಕ ಬೆಲೆ ಕೊಟ್ಟು, ದಾರಿಯನ್ನು ಅಳೆಸಿ, ಸರ್ವೆ ನಂಬ್ರ, ಅಗಲ, ವಾಹನ ಸಂಚಾರ ಇವನ್ನೆಲ್ಲ ಬರೆಸಿ ರಿಜಿಸ್ಟ್ರಿ ಮಾಡಿಸುವುದೇ ಲೇಸು. ಅಣ್ಣತಮ್ಮಂದಿರು ಪಾಲಾಗುವಾಗಲೂ ಇದನ್ನು ಮರೆಯಬಾರದು. ಆಧಾರಪತ್ರ ಮಲಯಾಳದಲ್ಲಿದ್ದರೆ ಎರಡೂ ಭಾಷೆ ಬಲ್ಲವರಿಂದ ಓದಿಸಿ, ಅರ್ಥ ತಿಳಿದೇ ರುಜು ಹಾಕಬೇಕು. ಓದಲಾರದ ಒಂದು ಸಾಲಿನಲ್ಲಿ ಮಕ್ಕಳ ದಾರಿ ಮುಚ್ಚಿಹೋಗದಿರಲಿ.