ಶರದೃತುವಿನ ಸುಖಗಳು

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಮಲೆಗಳಲ್ಲಿ ಮಳೆ ಹಿಂದೆಗೆಯಿತೆಂದರೆ ಜನರಿಗೆ ಒದಗುವ ಸುಖಗಳು ಯಾವ ಜಮಾಖರ್ಚಿನ ಪುಸ್ತಕದಲ್ಲಿಯೂ ಕಾಣತಕ್ಕವಲ್ಲ. ಕಂಬಳಿಯ ಮುಗ್ಗಲು ವಾಸನೆ ಬಿಸಿಲಿಗೆ ಹೋಗುವುದು. ಸೌದೆ ಹೊಗೆಯಾಡದೆ ಉರಿಯುವುದು. ಕಳಸದ ಬಳಿ ಭದ್ರೆಯ ಕೆನ್ನೀರು ತಿಳಿಯಾಗುವುದು. ಮುಳ್ಳಯ್ಯನಗಿರಿಯು ಮೋಡ ಕಳಚಿ ಪೇಟೆಯವರಿಗೆ ದರ್ಶನವೀಯುವುದು. ಇವುಗಳಿಗೆ ಯಾರೂ ಕಾಸು ಕೊಡಬೇಕಾಗಿಲ್ಲ.

ಕಾಫಿಯ ಮಾತು ಬೇರೆ. 1942ರ ಕಾಯಿದೆಯ ಮೇರೆಗೆ ಬೆಳೆಗಾರನು ಮನೆಬಳಕೆಗೂ ಬಿತ್ತನೆಗೂ ಗೊತ್ತುಪಡಿಸಿದಷ್ಟನ್ನು ಇಟ್ಟುಕೊಂಡು ಮಿಕ್ಕುದನ್ನೆಲ್ಲ ಪೂಲಿಗೆ ಒಪ್ಪಿಸಬೇಕಾಗಿದ್ದಿತು. ತಾನು ಬೆಳೆದುದನ್ನು ತಾನು ಕುಡಿಯುವುದಕ್ಕೂ ಅಳತೆ! 1996ರ ವೇಳೆಗೆ ಆ ಕಟ್ಟು ಕಳಚಿತು. (ಅದರಿಂದ ಹೋಟೆಲಿನ ಲೋಟದಲ್ಲಿ ಚಿಕೋರಿ ಕಡಮೆಯಾಯಿತೆಂದು ಹೇಳಲಾರೆವು.)

ಅರೇಬಿಕಾದ ಕೊಯ್ಲು ಸಾಮಾನ್ಯವಾಗಿ ನವೆಂಬರಿನಲ್ಲಿ ತೊಡಗುವುದು. ಅದಕ್ಕೆ ಮುಂಚಿನ ಈ ಕೆಲವು ವಾರಗಳ ಬಿಸಿಲಿನಲ್ಲಿ, ಮಳೆಗಾಲವೆಲ್ಲ ಕಂಬಳಿಕೊಪ್ಪೆಯಡಿ ದುಡಿದ ಲೈನುಮನೆಯವರಿಗೆ ಸಿಕ್ಕುವ ಪಾಲೆಷ್ಟು? ಬಟ್ಟೆ ಒಣಗಿಸಿಕೊಳ್ಳಲು ಬಿಸಿಲುಂಟು. ಹಗಲು ಮಾತ್ರ ಅವರ ಕೈಯಲ್ಲಿಲ್ಲ. ಮಹಾನವಮಿಗೆ ಕೂಲಿ ಸಹಿತವಾಗಿ ಎರಡು ದಿನಗಳ ಬಿಡುವನ್ನು, ಅವರು ಬಾಯಿಬಿಟ್ಟು ಕೇಳುವುದಕ್ಕೆ ಮುಂಚೆಯೇ, ತೋಟದ ಸಾಹುಕಾರರು ಕೊಡತಕ್ಕದ್ದು. ಹಾಗೆ ಕೊಡುವವರು ಈ ಮಲೆಗಳಲ್ಲಿ ಇಲ್ಲದೆ ಇಲ್ಲ.